ಶ್ರೀಲಂಕಾದ ಆರ್ಥಿಕ ಬಿಕ್ಕಟ್ಟು ಮತ್ತು ದಿನನಿತ್ಯದ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಏಪ್ರಿಲ್ 12ರಂದು ಶ್ರೀಲಂಕಾ, ಹೊರದೇಶದ ಸಾಲ ಕಟ್ಟುವುದನ್ನು ಸದ್ಯಕ್ಕೆ ನಿಲ್ಲಿಸುತ್ತೇವೆ ಎಂದು ಘೋಷಿಸಿತು. ಅಧ್ಯಕ್ಷರ ಮನೆಗೆ ಜನ ನುಗ್ಗಿದ ದೃಶ್ಯವನ್ನು ಎಲ್ಲರೂ ನೋಡಿದ್ದಾರೆ. ಆ ಜನ ಮನೆಗೆ ಹೋಗಿ ಯಾವ ಒಲೆ ಹಚ್ಚಿದರು, ಮಕ್ಕಳನ್ನು ಶಾಲೆಗೆ ಹೇಗೆ ಕಳಿಸಿದರು, ಯಾವ ತುತ್ತು ಕಡಿಮೆ ಮಾಡಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಈ ಪುಟ ಅದರ ಬಗ್ಗೆ.

ಇಲ್ಲಿ ರೂಪಾಯಿ ಎಂದು ಬರೆದಲ್ಲೆಲ್ಲ ಅದು ಶ್ರೀಲಂಕಾದ ರೂಪಾಯಿ. 2022ರ ಆರಂಭದಲ್ಲಿ ನಮ್ಮ ಒಂದು ರೂಪಾಯಿಗೆ ಅಲ್ಲಿನ ಸುಮಾರು 2.70 ಸಿಗುತ್ತಿತ್ತು. ಅದೇ ವರ್ಷದ ನಡುವಿಗೆ ಅದು 4.60ರ ಹತ್ತಿರ ಹೋಯಿತು.

ನಿಜಕ್ಕೂ ಆದದ್ದೇನು?

ದೇಶದ ಬಳಿ ಡಾಲರ್ ಮುಗಿದುಹೋಯಿತು. 2019ರ ಕೊನೆಗೆ ವಿದೇಶಿ ವಿನಿಮಯ ಸಂಗ್ರಹ ಸುಮಾರು 760 ಕೋಟಿ ಡಾಲರ್ ಇತ್ತು. 2022ರ ಮೇ ತಿಂಗಳಲ್ಲಿ ಅಂದಿನ ಹಣಕಾಸು ಸಚಿವ ಅಲಿ ಸಬ್ರಿ, ಬಳಕೆಗೆ ಸಿಗುವ ಮೊತ್ತ 5 ಕೋಟಿ ಡಾಲರಿಗಿಂತ ಕಡಿಮೆ ಎಂದು ಸಂಸತ್ತಿಗೆ ತಿಳಿಸಿದರು. ಅಂದಿನ ದರದಲ್ಲಿ ಅದು ಹೆಚ್ಚುಕಡಿಮೆ ಒಂದು ಹಡಗು ಡೀಸೆಲ್‌ನ ದುಡ್ಡು. ದೇಶದಲ್ಲಿದ್ದವರು 2.2 ಕೋಟಿ ಜನ.

ಇದಕ್ಕೆ ಕಾರಣ ಒಂದೇ ಅಲ್ಲ. 2019ರ ಈಸ್ಟರ್ ಭಾನುವಾರದ ಬಾಂಬ್ ದಾಳಿಯಿಂದ ಪ್ರವಾಸೋದ್ಯಮ ಕುಸಿಯಿತು. ಅದೇ ಡಿಸೆಂಬರಿನಲ್ಲಿ ಸರ್ಕಾರ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿತು. ಖಜಾನೆ ಬರಿದಾಯಿತು, ಹೊರಗಿನಿಂದ ಸಾಲ ಕೊಡುವವರು ಹಿಂದೆ ಸರಿದರು. ಆಮೇಲೆ ಕೋವಿಡ್ ಬಂತು. ಇಷ್ಟಾದರೂ ಡಾಲರ್ ಬೆಲೆಯನ್ನು 200 ರೂಪಾಯಿಯ ಆಸುಪಾಸಿನಲ್ಲೇ ಹಿಡಿದಿಡಲು ಕೇಂದ್ರ ಬ್ಯಾಂಕು ಇದ್ದಬದ್ದ ಡಾಲರ್ ಖರ್ಚು ಮಾಡಿತು. 2022ರ ಮಾರ್ಚ್ 7ರಂದು ಕೈಬಿಟ್ಟಾಗ, ಎರಡೇ ತಿಂಗಳಲ್ಲಿ ಡಾಲರ್ 360 ರೂಪಾಯಿ ಮುಟ್ಟಿತು.

ಕೈಯಲ್ಲಿ ದುಡ್ಡಿದ್ದವರಿಗೂ ಸಾಮಾನು ಸಿಗಲಿಲ್ಲ, ಏಕೆ?

ಹೊರದೇಶದ ಮಾರಾಟಗಾರನಿಗೆ ಶ್ರೀಲಂಕಾದ ರೂಪಾಯಿ ಬೇಡ. ಆಮದುದಾರನ ಬ್ಯಾಂಕು "ಸರಕು ಬಂದ ಮೇಲೆ ಡಾಲರ್ ನಾನು ಕೊಡುತ್ತೇನೆ" ಎಂದು ಬರೆದುಕೊಡುವ ಖಾತರಿ ಪತ್ರಕ್ಕೆ ವ್ಯಾಪಾರಿಗಳು ಎಲ್‌ಸಿ ಎನ್ನುತ್ತಾರೆ. ಬ್ಯಾಂಕಿನಲ್ಲೇ ಡಾಲರ್ ಇಲ್ಲದಿದ್ದಾಗ ಆ ಪತ್ರ ಹೊರಡುವುದಿಲ್ಲ. ಹೊರಟರೂ ಎದುರು ಬ್ಯಾಂಕು ನಂಬುವುದಿಲ್ಲ. ಹೀಗಾಗಿ ಅಕ್ಕಿ, ಸಕ್ಕರೆ, ಬೇಳೆ ತುಂಬಿದ ಸಾವಿರಕ್ಕೂ ಹೆಚ್ಚು ಕಂಟೇನರ್‌ಗಳು ಕೊಲಂಬೊ ಬಂದರಿನಲ್ಲೇ ಬಿದ್ದಿದ್ದವು. ಇಂಧನದ ಹಡಗುಗಳು ದಡಕ್ಕೆ ಕಾಣುವಷ್ಟು ಹತ್ತಿರ ಲಂಗರು ಹಾಕಿ ಹಣಕ್ಕಾಗಿ ಕಾದವು. ನಿಂತ ಪ್ರತಿ ದಿನಕ್ಕೂ ಹಡಗಿನ ಬಾಡಿಗೆ ಬೇರೆ ಏರುತ್ತಿತ್ತು. ಅದನ್ನೂ ಡಾಲರಿನಲ್ಲೇ ಕೊಡಬೇಕು.

ಆಮೇಲಿನ ಹಂತ ಬೇರೆ. ಡಾಲರ್ ಸ್ವಲ್ಪ ಹರಿದು ಬಂದ ಮೇಲೆ ಅಂಗಡಿ ತುಂಬಿತು, ಆದರೆ ಕೊಳ್ಳುವವರ ಕೈ ಬರಿದಾಗಿತ್ತು. ಈ ಎರಡು ಹಂತಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಮೊದಲನೆಯದು ಜನರ ಸಮಯವನ್ನು ತಿಂದಿತು, ಎರಡನೆಯದು ಜನರ ತಟ್ಟೆಗೇ ಕೈಹಾಕಿತು. ಕ್ಯಾಮೆರಾಗಳು ಮೊದಲನೆಯದನ್ನಷ್ಟೇ ಹಿಡಿದವು.

ಪೆಟ್ರೋಲಿನ ಸಾಲು ಎಷ್ಟು ದೊಡ್ಡದಿತ್ತು?

ಕಿಲೋಮೀಟರುಗಟ್ಟಲೆ. ಸಾಲಿಗೆ ಸಿಂಹಳದಲ್ಲಿ ಪೋಲಿಮ ಎನ್ನುತ್ತಾರೆ. ಆ ವರ್ಷ ಆ ಮಾತು ಕಿವಿಗೆ ಬೀಳದ ದಿನವಿರಲಿಲ್ಲ. ಪೆಟ್ರೋಲ್ ಬಂಕ್ ಅಲ್ಲಿ ಪೆಟ್ರೋಲ್ ಶೆಡ್. ಶೆಡ್‌ಗೆ ಟ್ಯಾಂಕರ್ ಯಾವಾಗ ಬರುತ್ತದೆ ಎಂಬುದು ಯಾರಿಗೂ ಖಚಿತವಿಲ್ಲದ ಕಾರಣ ಆಟೋ ಚಾಲಕರು ಗಾಡಿಯನ್ನು ಸಾಲಿನಲ್ಲೇ ಬಿಟ್ಟು ಸರದಿಯ ಮೇಲೆ ಕಾದರು, ಅದರಲ್ಲೇ ಮಲಗಿದರು. 2022ರ ಮಾರ್ಚಿನಲ್ಲಿ ವಯಸ್ಸಾದವರು ಸಾಲಿನಲ್ಲೇ ಕುಸಿದು ಸತ್ತ ಸುದ್ದಿಗಳು ಬಂದವು. ಅದೇ ತಿಂಗಳು ಶೆಡ್‌ಗಳಿಗೆ ಸೈನಿಕರನ್ನು ಕಾವಲಿಗೆ ಹಾಕಲಾಯಿತು. ಏಪ್ರಿಲ್ 19ರಂದು ರಂಬುಕ್ಕನ ಎಂಬಲ್ಲಿ ಇಂಧನಕ್ಕಾಗಿ ಪ್ರತಿಭಟಿಸುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ ಒಬ್ಬರು ಪ್ರಾಣ ಕಳೆದುಕೊಂಡರು.

ಬೆಲೆಯ ಓಟ ಹೀಗಿತ್ತು. 92 ಆಕ್ಟೇನ್ ಪೆಟ್ರೋಲ್ ಲೀಟರಿಗೆ 2021ರ ಡಿಸೆಂಬರ್ ಕೊನೆಗೆ 177 ರೂಪಾಯಿ. ಮಾರ್ಚಿನಲ್ಲಿ 254, ಏಪ್ರಿಲ್‌ನಲ್ಲಿ 338, ಮೇ 24ಕ್ಕೆ 420, ಜೂನ್ 26ಕ್ಕೆ 470. ಡೀಸೆಲ್ ಇದೇ ಅವಧಿಯಲ್ಲಿ 121ರಿಂದ 460ಕ್ಕೆ ಹೋಯಿತು. ಪೆಟ್ರೋಲಿಗಿಂತ ಡೀಸೆಲ್‌ನ ಏರಿಕೆಯೇ ಹೆಚ್ಚು ಜನರನ್ನು ತಟ್ಟಿತು, ಏಕೆಂದರೆ ತರಕಾರಿ ಲಾರಿ, ಬಸ್ಸು, ಮೀನಿನ ದೋಣಿ ಎಲ್ಲವೂ ಓಡುವುದು ಅದರ ಮೇಲೆ. ಬಸ್ಸಿನ ಕನಿಷ್ಠ ದರ ಜನವರಿಯಲ್ಲಿ 17 ಇದ್ದದ್ದು ಜುಲೈ ಹೊತ್ತಿಗೆ 40 ಆಯಿತು. ಜೂನ್ ಕೊನೆಯಲ್ಲಿ ಸರ್ಕಾರ ಎರಡು ವಾರ ಅಗತ್ಯ ಸೇವೆಗಳಿಗೆ ಬಿಟ್ಟು ಬೇರೆ ಯಾರಿಗೂ ಇಂಧನ ಮಾರುವುದನ್ನೇ ನಿಲ್ಲಿಸಿತು. ರಸ್ತೆ ತುಂಬ ಸೈಕಲ್ ಕಾಣಿಸಿಕೊಂಡದ್ದು ಆಗ.

ಕ್ಯೂಆರ್ ಪಾಸ್ ಬಂದ ಮೇಲೆ ಸಾಲು ಕರಗಿತು ಎನ್ನುತ್ತಾರೆ. ಅದು ಕೆಲಸ ಮಾಡಿದ್ದು ಹೇಗೆ?

ನ್ಯಾಷನಲ್ ಫ್ಯೂಯೆಲ್ ಪಾಸ್ ಶುರುವಾದದ್ದು 2022ರ ಜುಲೈ ಮಧ್ಯದಲ್ಲಿ. ಮಾಲೀಕರು ತಮ್ಮ ರಾಷ್ಟ್ರೀಯ ಗುರುತಿನ ಚೀಟಿಯ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ ಕೊಟ್ಟು ನೋಂದಾಯಿಸಬೇಕಿತ್ತು. ಆರಂಭದಲ್ಲಿ ಒಂದು ಗುರುತಿನ ಚೀಟಿಗೆ ಒಂದೇ ವಾಹನ. ನೋಂದಣಿ ಮುಗಿದರೆ ಫೋನಿಗೆ ಕ್ಯೂಆರ್ ಬರುತ್ತಿತ್ತು. ಸ್ಮಾರ್ಟ್‌ಫೋನ್ ಇಲ್ಲದವರು ಅದನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಬಹುದಿತ್ತು. ಪಂಪಿನ ಹುಡುಗ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ವಾರ ಎಷ್ಟು ಲೀಟರ್ ಬಾಕಿ ಇದೆ ಎಂದು ತೋರಿಸುತ್ತಿತ್ತು. ಹಾಕಿದಷ್ಟನ್ನು ನಮೂದಿಸಿದರೆ ಅಷ್ಟು ಕಳೆದುಹೋಗುತ್ತಿತ್ತು.

ಮೊದಲ ವಾರದ ಪಾಲು: ಬೈಕಿಗೆ 4 ಲೀಟರ್, ಆಟೋಗೆ 5, ಕಾರು ಮತ್ತು ವ್ಯಾನಿಗೆ 20, ಬಸ್ಸಿಗೆ 40, ಲಾರಿಗೆ 50. ಜೊತೆಗೆ ದಿನದ ಲೆಕ್ಕವೂ ಇತ್ತು. ನಂಬರ್ ಪ್ಲೇಟಿನ ಕೊನೆಯ ಅಂಕಿ 0, 1, 2 ಇದ್ದವರಿಗೆ ಮಂಗಳವಾರ ಮತ್ತು ಶನಿವಾರ. 3, 4, 5 ಇದ್ದವರಿಗೆ ಗುರುವಾರ ಮತ್ತು ಭಾನುವಾರ. 6ರಿಂದ 9ರವರೆಗೆ ಸೋಮವಾರ, ಬುಧವಾರ, ಶುಕ್ರವಾರ.

ಸಾಲು ಕರಗಿದ್ದು ಇಂಧನ ಹೆಚ್ಚಾದ್ದರಿಂದಲ್ಲ. ಅದಕ್ಕೂ ಮೊದಲು ಜನ ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಅರ್ಧ ತುಂಬಿದ ಟ್ಯಾಂಕನ್ನೂ ತುಂಬಿಸುತ್ತಿದ್ದರು, ಕ್ಯಾನುಗಳಲ್ಲಿ ಕೂಡಿಡುತ್ತಿದ್ದರು, ಕೆಲವರು ಸಾಲಿನಲ್ಲಿ ನಿಂತು ತಂದದ್ದನ್ನು ದುಪ್ಪಟ್ಟಿಗೆ ಮಾರುತ್ತಿದ್ದರು. "ನಿನ್ನ ಪಾಲು ನಿನಗೆ ಇದೆ" ಎಂದು ಗೊತ್ತಾದ ಕೂಡಲೇ ಭಯದ ಆ ಖರೀದಿ ನಿಂತಿತು. ಆ ವರ್ಷ ಸರ್ಕಾರ ಮಾಡಿದ ಕೆಲಸಗಳಲ್ಲಿ ಇದೇ ಚೊಕ್ಕವಾದದ್ದು ಎಂದು ನಮ್ಮ ಅಭಿಪ್ರಾಯ.

ಆದರೆ ಆಟೋದವರ ಕಷ್ಟ ಅದರಿಂದ ನೀಗಲಿಲ್ಲ. ಲೀಟರಿಗೆ 25 ಕಿ.ಮೀ. ಹಿಡಿದರೂ 5 ಲೀಟರಿಗೆ ವಾರಕ್ಕೆ 125 ಕಿ.ಮೀ. ಆಟೋ ಓಡಿಸಿ ಹೊಟ್ಟೆ ಹೊರೆಯುವವನಿಗೆ ಅದು ಒಂದೆರಡು ದಿನದ ಓಡಾಟ. ಉಳಿದ ದಿನ ಗಾಡಿ ಮನೆಮುಂದೆ ನಿಂತರೂ ಅದರ ಸಾಲದ ಕಂತು ನಿಲ್ಲುವುದಿಲ್ಲ. ಪಾಲು ನಿಧಾನವಾಗಿ ಏರಿ, 2023ರ ಸೆಪ್ಟೆಂಬರ್ 1ಕ್ಕೆ ಈ ವ್ಯವಸ್ಥೆಯನ್ನು ತೆಗೆದರು.

ಅಡುಗೆ ಗ್ಯಾಸ್ ಇಲ್ಲದಾಗ ಜನ ಏನು ಮಾಡಿದರು?

ಹಳ್ಳಿಯವರು ಸೌದೆಗೆ ಮರಳಿದರು. ನಗರದವರಿಗೆ ಅದೂ ಸುಲಭವಿರಲಿಲ್ಲ. ಕೊಲಂಬೊದ ಬಹುಮಹಡಿ ಫ್ಲ್ಯಾಟಿನಲ್ಲಿ ಹೊಗೆ ಹೋಗಲು ಕಂಡಿಯಿಲ್ಲ, ಸೌದೆ ಒಟ್ಟಲು ಜಾಗವಿಲ್ಲ. ಸೀಮೆಎಣ್ಣೆ ಒಲೆ ಕೊಂಡವರಿಗೆ ಸೀಮೆಎಣ್ಣೆ ಸಿಗಲಿಲ್ಲ, ಕರೆಂಟ್ ಒಲೆ ಕೊಂಡವರಿಗೆ ಕರೆಂಟ್ ಇರಲಿಲ್ಲ. ಬೆಳಗಿನ ನಾಲ್ಕಕ್ಕೆ ಕರೆಂಟ್ ಇದ್ದರೆ ಆಗಲೇ ಎದ್ದು ಮೂರು ಹೊತ್ತಿನ ಅನ್ನ ಮಾಡಿಡುವುದು, ಎರಡು ಮನೆಯವರು ಒಂದೇ ಒಲೆಯಲ್ಲಿ ಬೇಯಿಸಿಕೊಳ್ಳುವುದು ರೂಢಿಯಾಯಿತು. ಈ ಹೊರೆ ಬಿದ್ದದ್ದು ಬಹುತೇಕ ಹೆಂಗಸರ ಮೇಲೆ.

ಅಲ್ಲಿ ಮನೆಬಳಕೆಯ ಸಿಲಿಂಡರ್ 12.5 ಕಿಲೋ. 2021ರ ಅಕ್ಟೋಬರಿನವರೆಗೆ 1,493 ರೂಪಾಯಿ ಇದ್ದದ್ದು ಒಮ್ಮೆಗೇ 2,675 ಆಯಿತು, 2022ರ ಏಪ್ರಿಲ್ ಕೊನೆಗೆ 4,860. ಇನ್ನೊಂದು ಕೇಡೂ ನಡುವೆ ನಡೆಯಿತು. 2021ರ ಕೊನೆಯಲ್ಲಿ ಸಿಲಿಂಡರಿನೊಳಗಿನ ಪ್ರೊಪೇನ್ ಮತ್ತು ಬ್ಯುಟೇನ್ ಪ್ರಮಾಣ ಬದಲಾದ ಮೇಲೆ ದೇಶದುದ್ದಕ್ಕೂ ಒಲೆ, ರೆಗ್ಯುಲೇಟರ್ ಸಿಡಿದ ನೂರಾರು ಪ್ರಕರಣಗಳು ವರದಿಯಾದವು. ಪ್ರೊಪೇನ್ ಪಾಲು ಹೆಚ್ಚಾದರೆ ಒಳಗಿನ ಒತ್ತಡ ಹೆಚ್ಚುತ್ತದೆ. ಹಳೆಯ ಪೈಪು, ಸಡಿಲ ವಾಲ್ವು ಅದನ್ನು ತಡೆಯುವುದಿಲ್ಲ. ಗ್ಯಾಸ್ ಸಿಗದ ಕಾಲಕ್ಕೂ ಮುಂಚೆ ಸಿಕ್ಕ ಗ್ಯಾಸಿಗೇ ಜನ ಹೆದರುವಂತಾಗಿತ್ತು.

ಊಟದಲ್ಲಿ ಏನು ಬದಲಾಯಿತು?

ಮೊದಲು ಹೋದದ್ದು ಹಾಲು. ಶ್ರೀಲಂಕಾದ ಮನೆಗಳಲ್ಲಿ ಹಾಲು ಅಂದರೆ ಹೆಚ್ಚಾಗಿ ಆಮದು ಹಾಲಿನ ಪುಡಿ. 400 ಗ್ರಾಂ ಪೊಟ್ಟಣ 2022ರ ಮಾರ್ಚಿನಲ್ಲಿ 790 ರೂಪಾಯಿ ಆದಾಗ ಹೋಟೆಲುಗಳಲ್ಲಿ ಒಂದು ಲೋಟ ಹಾಲಿನ ಚಹಾ 100 ರೂಪಾಯಿ ಮುಟ್ಟಿತು. ಜನ ಪ್ಲೇನ್ ಟೀಗೆ ಇಳಿದರು. ಹಾಲಿಲ್ಲದ ಕಡು ಚಹಾ, ಅಂಗೈಯಲ್ಲಿ ಒಂದು ಚೂರು ಹಕುರು, ಅಂದರೆ ಬೈನೆ ಅಥವಾ ತೆಂಗಿನ ಬೆಲ್ಲ. ಒಂದು ಗುಟುಕು ಚಹಾ, ಒಂದು ಕಡಿತ ಬೆಲ್ಲ. ಇದು ಅಲ್ಲಿನ ಹಳೆಯ ರೂಢಿಯೇ. ದೊಡ್ಡವರಿಗೆ ನಡೆದೀತು; ಮಕ್ಕಳ ಲೋಟದಿಂದ ಹಾಲು ಹೋದದ್ದು ಬೇರೆ ಮಾತು.

ಆಮೇಲೆ ಮೀನು, ಮೊಟ್ಟೆ, ಕೋಳಿ, ಬೇಳೆ. ಅನ್ನದ ಪ್ರಮಾಣ ಅಷ್ಟೇ ಇದ್ದು ಪಕ್ಕದ ಪಲ್ಯ ಸಣ್ಣದಾಗುತ್ತ ಬಂತು. ಹೊಟ್ಟೆ ತುಂಬುತ್ತದೆ, ಸತ್ವ ಸಿಗುವುದಿಲ್ಲ. ಬಿಕ್ಕಟ್ಟಿನ ಹಸಿವು ಹೊರಗಿನವರ ಕಣ್ಣಿಗೆ ಬೀಳದಿರುವುದು ಇದಕ್ಕೇ. ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳು 2022ರ ಸೆಪ್ಟೆಂಬರಿನಲ್ಲಿ 63 ಲಕ್ಷ ಜನರಿಗೆ ಆಹಾರ ಭದ್ರತೆಯಿಲ್ಲ ಎಂದು ಅಂದಾಜಿಸಿದವು.

ಕೈಹಿಡಿದದ್ದು ಹಿತ್ತಲು. ಹಲಸಿನ ಮರಕ್ಕೆ ಸಿಂಹಳದಲ್ಲಿ ಬತ್ ಗಸ, ಅನ್ನದ ಮರ, ಎಂಬ ಹೆಸರೇ ಇದೆ. ಎಳೆಯ ಹಲಸಿನ ಪೊಲೊಸ್ ಸಾರು, ಬಲಿತ ತೊಳೆ ಬೇಯಿಸಿ ತೆಂಗಿನ ತುರಿಯ ಜೊತೆ, ಬೀಜ ಬೇರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಕುನುವೆನ್ನ, ಗೊಟುಕೊಳ ಎಂಬ ಸೊಪ್ಪುಗಳೂ ಮತ್ತೆ ದಿನದ ಊಟಕ್ಕೆ ಬಂದವು. ನಮ್ಮ ಹೊನಗೊನ್ನೆ, ಒಂದೆಲಗವೇ ಅವು. ಹಿತ್ತಲಿಲ್ಲದ ನಗರದ ಬಾಡಿಗೆ ಮನೆಯವರಿಗೆ ಈ ಆಸರೆ ಇರಲಿಲ್ಲ.

ಸರ್ಕಾರ ಬೆಲೆ ಕಟ್ಟಿಹಾಕಬಹುದಿತ್ತಲ್ಲ?

ಕಟ್ಟಿಹಾಕಿತು. ಮೊಟ್ಟೆಯ ಕಥೆ ನೋಡಿ. 2022ರ ಆಗಸ್ಟ್‌ನಲ್ಲಿ ಬಿಳಿ ಮೊಟ್ಟೆಗೆ 43, ಕಂದು ಮೊಟ್ಟೆಗೆ 45 ರೂಪಾಯಿ ಗರಿಷ್ಠ ದರ ಎಂದು ಆದೇಶವಾಯಿತು. ಜೋಳ ಸಿಗದೆ ಕೋಳಿ ಮೇವಿನ ಖರ್ಚೇ ಅದನ್ನು ಮೀರುತ್ತಿದ್ದಾಗ ಸಾಕಣೆದಾರರು ಕೋಳಿ ಕಡಿಮೆ ಮಾಡಿದರು, ಅಂಗಡಿಯಲ್ಲಿ ಮೊಟ್ಟೆ ಮಾಯವಾಯಿತು, ಹಿಂಬಾಗಿಲಲ್ಲಿ ಹೆಚ್ಚಿನ ದರಕ್ಕೆ ಸಿಕ್ಕಿತು. 2023ರಲ್ಲಿ ಭಾರತದಿಂದ ಮೊಟ್ಟೆ ತರಿಸಬೇಕಾಯಿತು. ತಯಾರಿಸುವ ಖರ್ಚಿಗಿಂತ ಕೆಳಗೆ ದರ ನಿಗದಿ ಮಾಡಿ, ನಡುವಿನ ಅಂತರವನ್ನು ಯಾರೂ ತುಂಬಿಕೊಡದಿದ್ದರೆ ಆಗುವುದು ಇಷ್ಟೇ.

ರಾಸಾಯನಿಕ ಗೊಬ್ಬರ ನಿಷೇಧದಿಂದಲೇ ಇದೆಲ್ಲ ಆಯಿತೇ?

ಅದೊಂದರಿಂದಲೇ ಅಲ್ಲ, ಆದರೆ ಗಾಯದ ಮೇಲೆ ಬರೆ ಎಳೆದದ್ದು ಅದು. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಂತಿತು, ನವೆಂಬರಿನಲ್ಲಿ ನಿಷೇಧ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ದೊಡ್ಡ ಬೆಳೆಯಾದ ಮಹಾ ಹಂಗಾಮಿನ ಬಿತ್ತನೆ ಆಗಿಹೋಗಿತ್ತು. ಭತ್ತಕ್ಕೆ ಯೂರಿಯಾ ಬೇಕಾಗುವುದು ಬಿತ್ತಿದ ಎರಡನೇ ವಾರದಿಂದ ಏಳನೇ ವಾರದೊಳಗೆ. ತಡವಾಗಿ ಬಂದ ಗೊಬ್ಬರದಿಂದ ಕಟ್ಟದ ತೆನೆ ಕಟ್ಟುವುದಿಲ್ಲ.

ಸಾವಯವದ ಬಗ್ಗೆ ನಮಗೆ ತಕರಾರಿಲ್ಲ, ಲೆಕ್ಕ ತಪ್ಪಿತು ಅಷ್ಟೇ. 100 ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕ ಇರುತ್ತದೆ. ಕಾಂಪೋಸ್ಟಿನಲ್ಲಿ ಇರುವುದು ಶೇ 1ರಿಂದ 2. ಅಂದರೆ ಅಷ್ಟೇ ಸಾರಜನಕಕ್ಕೆ ಎರಡೂಕಾಲರಿಂದ ನಾಲ್ಕೂವರೆ ಟನ್ ಕಾಂಪೋಸ್ಟ್ ಬೇಕು. ಒಂದೇ ಹಂಗಾಮಿನಲ್ಲಿ ಇಡೀ ದೇಶಕ್ಕೆ ಅಷ್ಟನ್ನು ಮಾಡಿ ಸಾಗಿಸುವ ಬಗೆ ಇರಲಿಲ್ಲ. ಅಕ್ಕಿ ಆಮದಿಗೆ ಇಲ್ಲದ ಡಾಲರ್ ಹುಡುಕಬೇಕಾಯಿತು. ಚಹಾ ಇಳುವರಿ 2021ರ ಸುಮಾರು 29.9 ಕೋಟಿ ಕಿಲೋದಿಂದ 2022ರಲ್ಲಿ 25.1 ಕೋಟಿಗೆ ಇಳಿದು, ಬರಬೇಕಿದ್ದ ಡಾಲರೂ ತಪ್ಪಿತು.

ಕರೆಂಟ್ ಕಡಿತ ಎಷ್ಟು ಹೊತ್ತು ಇರುತ್ತಿತ್ತು?

2022ರ ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆಯವರೆಗೆ. ಊರುಗಳನ್ನು ಇಂಗ್ಲಿಷ್ ಅಕ್ಷರಗಳ ಗುಂಪುಗಳಾಗಿ ಹಂಚಿ, ಯಾವ ಗುಂಪಿಗೆ ಯಾವ ಹೊತ್ತು ಎಂಬ ಪಟ್ಟಿ ಪ್ರಕಟಿಸುತ್ತಿದ್ದರು. ಮನೆಯವರು ಬೆಳಗೆದ್ದು ಮೊದಲು ನೋಡುತ್ತಿದ್ದದ್ದು ಆ ಪಟ್ಟಿ. ಕರೆಂಟ್ ಹೋದರೆ ದೀಪ ಆರುವುದಷ್ಟೇ ಅಲ್ಲ: ಫ್ಲ್ಯಾಟಿನಲ್ಲಿ ನೀರು ಮೇಲೇರುವುದಿಲ್ಲ, ಮೊಬೈಲ್ ಟವರಿನ ಬ್ಯಾಟರಿ ಇಳಿಯುತ್ತದೆ, ಐಸ್ ಇಲ್ಲದೆ ಮೀನು ಕೆಡುತ್ತದೆ, ಹೊಲಿಗೆ ಯಂತ್ರ ನಿಲ್ಲುತ್ತದೆ.

ಕಡಿತ ಮುಗಿದ ಮೇಲೆ ಬಿಲ್ಲು ಬಂತು. ತಿಂಗಳಿಗೆ ಬರೀ 30 ಯೂನಿಟ್ ಉರಿಸುವ, ಅಂದರೆ ನಾಲ್ಕು ಬಲ್ಬು, ಒಂದು ಫ್ಯಾನು, ಒಂದು ಟೀವಿ ಇರುವ ಮನೆಯ ಲೆಕ್ಕ ಹೀಗೆ. 2022ರ ಆಗಸ್ಟಿಗೆ ಮುಂಚೆ ಯೂನಿಟ್ಟಿಗೆ 2.50, ನಿಗದಿತ ಶುಲ್ಕ 30. ಒಟ್ಟು 105 ರೂಪಾಯಿ. ಆಗಸ್ಟ್‌ನಿಂದ ಯೂನಿಟ್ಟಿಗೆ 8, ಶುಲ್ಕ 120, ಒಟ್ಟು 360. 2023ರ ಫೆಬ್ರವರಿಯಲ್ಲಿ 30 ಮತ್ತು 400, ಒಟ್ಟು 1,300. ಜುಲೈನಲ್ಲಿ ಇಳಿಸಿದಾಗ 10 ಮತ್ತು 150, ಒಟ್ಟು 450. ಬಳಕೆ ಬದಲಾಗದ ಮನೆಗೆ ಆರು ತಿಂಗಳ ಅಂತರದಲ್ಲಿ ಹನ್ನೆರಡು ಪಟ್ಟು. ಹಳೆಯ ದರ ನಷ್ಟದ್ದು, ಏರಿಸಲೇಬೇಕಿತ್ತು ಎಂಬುದು ನಿಜ. ಬಡ ಮನೆಯ ಮೇಲೆ ಅದನ್ನು ಇಷ್ಟು ಅವಸರದಲ್ಲಿ ಹೇರಬೇಕಿರಲಿಲ್ಲ ಎಂಬುದೂ ಅಷ್ಟೇ ನಿಜ.

ಶಾಲೆ, ಆಸ್ಪತ್ರೆ?

ಕಾಗದ, ಶಾಯಿ ಇಲ್ಲದೆ 2022ರ ಮಾರ್ಚಿನಲ್ಲಿ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳು ಮುಂದಕ್ಕೆ ಹೋದವು. ಇಂಧನವಿಲ್ಲದೆ ಜೂನ್, ಜುಲೈನಲ್ಲಿ ಶಾಲೆ ಮುಚ್ಚಿ, ಜುಲೈ 25ರಿಂದ ವಾರಕ್ಕೆ ಮೂರು ದಿನ ಮಾತ್ರ ತರಗತಿ ನಡೆಯಿತು. ಉಳಿದ ದಿನ ಆನ್‌ಲೈನ್ ಎಂದರು. ಕರೆಂಟೂ ಡೇಟಾವೂ ಇಲ್ಲದ ಮಕ್ಕಳಿಗೆ ಅದು ರಜೆಯೇ. ಕೋವಿಡ್‌ನಿಂದ ಆಗಲೇ ಎರಡು ವರ್ಷ ಕಳೆದುಕೊಂಡಿದ್ದ ಮಕ್ಕಳು ಇವರು.

ಔಷಧಿಯಲ್ಲಿ ಶೇ 80ಕ್ಕೂ ಹೆಚ್ಚು ಆಮದು. ಪೇರಾದೆನಿಯ ಬೋಧನಾ ಆಸ್ಪತ್ರೆ ಮಾರ್ಚ್ ಕೊನೆಯಲ್ಲಿ ಮೊದಲೇ ಗೊತ್ತುಪಡಿಸಿದ್ದ ಶಸ್ತ್ರಚಿಕಿತ್ಸೆಗಳನ್ನು ನಿಲ್ಲಿಸಿ ತುರ್ತಿನವನ್ನಷ್ಟೇ ಮಾಡಿತು. ನವಜಾತ ಶಿಶುಗಳ ಉಸಿರಿನ ಕೊಳವೆಗಳನ್ನು ಎಸೆಯದೆ ಶುಚಿಮಾಡಿ ಮತ್ತೆ ಬಳಸಿ ಎಂದು ವೈದ್ಯರೇ ಹೇಳಬೇಕಾಯಿತು. ಬಿಪಿ, ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು ಇಂಥ ಕಾಲದ ಮೌನ ಅಪಾಯ. ಅದರ ಪರಿಣಾಮ ವರ್ಷಗಳ ಮೇಲೆ ಕಾಣುವುದರಿಂದ ಯಾವ ಅಂಕಿಅಂಶದಲ್ಲೂ ಬಿಕ್ಕಟ್ಟಿನ ಲೆಕ್ಕಕ್ಕೆ ಬರುವುದಿಲ್ಲ.

ಸರ್ಕಾರಿ ನೌಕರರಿಗೆ ತರಕಾರಿ ಬೆಳೆಯಲು ಶುಕ್ರವಾರ ರಜೆ ಕೊಟ್ಟದ್ದು ನಿಜವೇ?

ನಿಜ, 2022ರ ಜೂನ್‌ನಲ್ಲಿ, ಮೂರು ತಿಂಗಳ ಮಟ್ಟಿಗೆ. ಬಸ್ಸಿನ ಡೀಸೆಲ್ ಉಳಿಸುವುದೂ ಅದರ ಉದ್ದೇಶವಾಗಿತ್ತು. ಸೊಪ್ಪು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ, ಬೆಂಡೆ, ಬದನೆಗೆ ಎರಡು ತಿಂಗಳು ಬೇಕು. ಅನ್ನ, ಬೇಳೆಯ ಕೊರತೆ ಇದರಿಂದ ತುಂಬುವುದಿಲ್ಲ.

ಹೊರದೇಶದಲ್ಲಿದ್ದವರು ಮನೆಗೆ ಹಣ ಕಳಿಸುತ್ತಿದ್ದರಲ್ಲ, ಆ ಡಾಲರ್ ಎಲ್ಲಿ ಹೋಯಿತು?

ಈ ಪ್ರಶ್ನೆ ಕೇಳುವವರು ಕಡಿಮೆ, ಆದರೆ ಬಿಕ್ಕಟ್ಟಿನ ಕೀಲಿ ಇಲ್ಲಿದೆ. ಕೊಲ್ಲಿ ದೇಶಗಳೂ ಸೇರಿ ಹೊರದೇಶಗಳಲ್ಲಿ ದುಡಿಯುವವರು 2020ರಲ್ಲಿ ಬ್ಯಾಂಕುಗಳ ಮೂಲಕ ಸುಮಾರು 710 ಕೋಟಿ ಡಾಲರ್ ಕಳಿಸಿದ್ದರು. 2021ರಲ್ಲಿ ಅದು ಸುಮಾರು 549 ಕೋಟಿ, 2022ರಲ್ಲಿ 379 ಕೋಟಿ. ದುಡಿಯುವವರು ಕಡಿಮೆಯಾಗಲಿಲ್ಲ, ದಾರಿ ಬದಲಾಯಿತು.

ಅಲ್ಲಿ ಉಂಡಿಯಲ್ ಎನ್ನುವುದು ನಮ್ಮ ಹುಂಡಿ ವ್ಯವಹಾರವೇ. ದೋಹಾದಲ್ಲಿ ಮನೆಗೆಲಸದ ಹೆಂಗಸು ಅಲ್ಲಿನ ಏಜೆಂಟನಿಗೆ ರಿಯಾಲ್ ಕೊಡುತ್ತಾಳೆ. ಅವನ ಜೊತೆಗಾರ ಕುರುನೇಗಲದಲ್ಲಿ ಅವಳ ತಾಯಿಗೆ ರೂಪಾಯಿ ತಲುಪಿಸುತ್ತಾನೆ. ಡಾಲರ್ ದೇಶದೊಳಗೆ ಬರುವುದೇ ಇಲ್ಲ. ಅದನ್ನು ಕೊಳ್ಳುವವರು ಆಮದುದಾರರು. ಬ್ಯಾಂಕಿನ ದರ 203ಕ್ಕೆ ಕಟ್ಟಿಹಾಕಿದ್ದಾಗ ಹೊರಗೆ 250ರ ಆಸುಪಾಸು ಸಿಗುತ್ತಿತ್ತು. 500 ಡಾಲರ್ ಕಳಿಸಿದರೆ ಬ್ಯಾಂಕಿನಲ್ಲಿ 1,01,500 ರೂಪಾಯಿ, ಉಂಡಿಯಲ್‌ನಲ್ಲಿ 1,25,000. ಮನೆಗೆ 23,500 ಹೆಚ್ಚು ಬರುವಾಗ ಯಾವ ಮಗಳು ಬ್ಯಾಂಕಿಗೆ ಹೋಗುತ್ತಾಳೆ? ಅವರನ್ನು ದೇಶದ್ರೋಹಿ ಎಂದವರಿದ್ದರು, ಅದು ಅನ್ಯಾಯದ ಮಾತು. ರೂಪಾಯಿಯನ್ನು ಸಡಿಲ ಬಿಟ್ಟು ಎರಡೂ ದರ ಹತ್ತಿರವಾದ ಮೇಲೆ ಹಣ ತಾನಾಗಿಯೇ ಬ್ಯಾಂಕಿಗೆ ಮರಳಿತು. 2023ರಲ್ಲಿ ಸುಮಾರು 597 ಕೋಟಿ ಡಾಲರ್ ಬಂತು.

ಎಷ್ಟು ಜನ ದೇಶ ಬಿಟ್ಟರು?

2022ರಲ್ಲಿ ವಿದೇಶಿ ಉದ್ಯೋಗಕ್ಕೆಂದು ನೋಂದಾಯಿಸಿ ಹೋದವರೇ 3.11 ಲಕ್ಷ. ಅಲ್ಲಿಯವರೆಗಿನ ಯಾವ ವರ್ಷಕ್ಕಿಂತಲೂ ಹೆಚ್ಚು. ಆ ವರ್ಷ ಕೊಟ್ಟ ಪಾಸ್‌ಪೋರ್ಟುಗಳು 9 ಲಕ್ಷ ದಾಟಿದವು. ಬತ್ತರಮುಲ್ಲದ ಕಚೇರಿಯ ಮುಂದೆ ಜನ ರಾತ್ರಿಯೇ ಬಂದು ಸಾಲು ಹಿಡಿದರು. ಸರ್ಕಾರವೂ ತಳ್ಳಿತು: ನೌಕರರಿಗೆ ಹೊರದೇಶದಲ್ಲಿ ದುಡಿಯಲು ಐದು ವರ್ಷ ಸಂಬಳವಿಲ್ಲದ ರಜೆ, ಮನೆಗೆಲಸಕ್ಕೆ ಹೋಗುವ ಹೆಂಗಸರ ಕನಿಷ್ಠ ವಯಸ್ಸು 21ಕ್ಕೆ ಇಳಿಕೆ. ಉತ್ತರದ ಕೆಲವು ತಮಿಳು ಕುಟುಂಬಗಳು ದೋಣಿ ಹತ್ತಿ ರಾಮೇಶ್ವರದ ಕಡೆ ಬಂದವು. 2022ರ ಮಾರ್ಚ್ 22ರಂದು ಮೊದಲು ಬಂದ 16 ಮಂದಿಯಲ್ಲಿ ಮಕ್ಕಳೂ ಇದ್ದರು. ಯುದ್ಧಕ್ಕೆ ಹೆದರಿ ದಾಟಿದ್ದ ಅದೇ ಕಡಲನ್ನು ಈ ಸಲ ಅಕ್ಕಿಯ ಬೆಲೆಗೆ ಹೆದರಿ ದಾಟಿದರು.

ವೈದ್ಯರು, ಎಂಜಿನಿಯರುಗಳು ಹೋದ ನಷ್ಟದ ಬಗ್ಗೆ ತುಂಬ ಬರೆಯುತ್ತಾರೆ. ತಾಯಿ ಕುವೈತಿಗೆ ಹೋಗಿ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ಬಗ್ಗೆ ಅಷ್ಟು ಬರೆಯುವುದಿಲ್ಲ.

ಯಾರಿಗೆ ಹೆಚ್ಚು ಪೆಟ್ಟು ಬಿತ್ತು?

ದಿನಗೂಲಿಯವರಿಗೆ ಮತ್ತು ಚಹಾ ತೋಟದ ಕಾರ್ಮಿಕರಿಗೆ. ತೋಟದ ದಿನಗೂಲಿ 2021ರಲ್ಲಿ 1,000 ರೂಪಾಯಿಗೆ ನಿಗದಿಯಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಕೊಲಂಬೊ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ವರ್ಷದ ಬೆಲೆ ಏರಿಕೆ ಶೇ 69.8, ಆಹಾರದ್ದು ಶೇ 94.9. ಅಂದರೆ ಆ 1,000 ರೂಪಾಯಿ ಹಿಂದಿನ ವರ್ಷದ ಸುಮಾರು 513 ರೂಪಾಯಿಯಷ್ಟೇ ಊಟ ತರುತ್ತಿತ್ತು. ಲೀಟರಿಗೆ 87 ರೂಪಾಯಿ ಇದ್ದ ಸೀಮೆಎಣ್ಣೆ ಆಗಸ್ಟಿನಲ್ಲಿ ಒಮ್ಮೆಗೇ 340 ಆದಾಗ ತೋಟದ ಲೈನ್ ಮನೆಗಳಿಗೂ ಸಣ್ಣ ದೋಣಿಯ ಮೀನುಗಾರರಿಗೂ ಸಿಡಿಲು ಬಡಿದಂತಾಯಿತು. ವಿಶ್ವಬ್ಯಾಂಕಿನ ಅಂದಾಜಿನಲ್ಲಿ ಬಡವರ ಪಾಲು 2021ರ ಶೇ 13.1ರಿಂದ ಒಂದೇ ವರ್ಷದಲ್ಲಿ ಶೇ 25ಕ್ಕೆ ಏರಿತು.

ಮಧ್ಯಮ ವರ್ಗದವರು ಹಸಿಯಲಿಲ್ಲ, ಗಂಟು ಕಳೆದುಕೊಂಡರು. ಠೇವಣಿಗೆ ಶೇ 20ರ ಮೇಲೆ ಬಡ್ಡಿ ಸಿಕ್ಕರೂ ಬೆಲೆ ಶೇ 70ರಂತೆ ಓಡುವಾಗ ಉಳಿತಾಯ ಕರಗುತ್ತದೆ. ಮನೆ ಸಾಲದ ಕಂತು ಏರಿತು, ಹೆಂಗಸರ ಬಳೆ ಸರ ಅಡವು ಅಂಗಡಿ ಸೇರಿದವು.

ಪರಿಹಾರ ಯಾರಿಗೆ ತಲುಪಿತು?

2023ರ ಜುಲೈನಲ್ಲಿ ಹಳೆಯ ಸಮೃದ್ಧಿ ಯೋಜನೆಯ ಜಾಗಕ್ಕೆ ಅಸ್ವೆಸುಮ ಬಂತು. ಆರಂಭದಲ್ಲಿ ತಿಂಗಳಿಗೆ ಕುಟುಂಬಕ್ಕೆ 2,500, 5,000, 8,500 ಅಥವಾ 15,000 ರೂಪಾಯಿ ಇತ್ತು, ಬಡತನದ ಹಂತ ನೋಡಿ. ಅರ್ಜಿ, ಮನೆ ಭೇಟಿ, ಅಂಕ, ಬ್ಯಾಂಕ್ ಖಾತೆ, ಹೀಗೆ ನಡೆಯುತ್ತದೆ. ತೊಡಕು ಅಂಕದಲ್ಲಿ. ಗೋಡೆ, ಚಾವಣಿ, ವಾಹನ, ಕರೆಂಟ್ ಬಳಕೆ ನೋಡಿ ಬಡತನ ಅಳೆದರೆ, ಮೊನ್ನೆ ಕೆಲಸ ಕಳೆದುಕೊಂಡವನ ಸಿಮೆಂಟಿನ ಮನೆ ಅವನನ್ನು ಪಟ್ಟಿಯಿಂದ ಹೊರಹಾಕುತ್ತದೆ. ಲಕ್ಷಗಟ್ಟಲೆ ಮೇಲ್ಮನವಿ ಬಂದದ್ದು ಇದಕ್ಕೇ.

ಅರಗಲಯ ಎಂದರೇನು?

ಸಿಂಹಳದಲ್ಲಿ ಹೋರಾಟ. 2022ರ ಮಾರ್ಚ್ 31ರ ರಾತ್ರಿ ಮಿರಿಹಾನದಲ್ಲಿ ಶುರುವಾಗಿ, ಏಪ್ರಿಲ್ 9ರಿಂದ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಡೇರೆ ಹಾಕಿತು. ಸಾಮೂಹಿಕ ಅಡುಗೆ, ಪುಸ್ತಕದ ಡೇರೆ, ಔಷಧಿಯ ಡೇರೆ ಎಲ್ಲ ಇದ್ದವು. ಸಿಂಹಳ ಮತ್ತು ತಮಿಳು ಹೊಸ ವರ್ಷವನ್ನು ಜನ ಅಲ್ಲೇ ಆಚರಿಸಿದರು. ಜುಲೈ 13ರಂದು ಅಂದಿನ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟರು.

ಹಣದುಬ್ಬರ ಇಳಿಯಿತು ಎನ್ನುತ್ತಾರೆ. ಹಾಗಾದರೆ ಬೆಲೆ ಇಳಿಯಿತೇ?

ಇಲ್ಲ. 2021ರ ಸೆಪ್ಟೆಂಬರಿನಲ್ಲಿ 100 ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ 2022ರ ಸೆಪ್ಟೆಂಬರಿನಲ್ಲಿ ಸುಮಾರು 170. 2023ರ ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ 1.3 ಎಂದು ಸುದ್ದಿಯಾದಾಗ ಅದೇ ಸಾಮಾನು ಸುಮಾರು 172. ಏರುವ ವೇಗ ನಿಂತಿತು, ಏರಿದ್ದು ಏರಿಯೇ ಉಳಿಯಿತು. 2024ರ ಕೊನೆಯಲ್ಲಿ ಹಣದುಬ್ಬರ ಸೊನ್ನೆಗಿಂತ ಕೆಳಗೂ ಹೋಯಿತು. ಏರಿದ್ದರಲ್ಲಿ ಅದು ಕಡಿಮೆ ಮಾಡಿದ್ದು ತುಸುವೇ. ಇದರ ಮೇಲೆ ವ್ಯಾಟ್ 2022ರಲ್ಲೇ ಶೇ 12, ಆಮೇಲೆ 15, 2024ರ ಜನವರಿ 1ರಿಂದ 18. 2023ರ ಮಾರ್ಚಿನಲ್ಲಿ ಒಪ್ಪಿಗೆಯಾದ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸುಮಾರು 300 ಕೋಟಿ ಡಾಲರ್ ಸಾಲದ ಷರತ್ತುಗಳಲ್ಲಿ ತೆರಿಗೆ ಹೆಚ್ಚಳವೂ ಇತ್ತು. ಪ್ರವಾಸಿಗರು 2024ರಲ್ಲಿ 20 ಲಕ್ಷ ದಾಟಿದರು, ಹೋಟೆಲುಗಳು ತುಂಬಿದವು. ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಸಂಬಳ ಬೆಲೆಯ ಹಿಂದೆ ಇನ್ನೂ ಓಡುತ್ತಲೇ ಇದೆ.

ಭಾರತದಲ್ಲಿ, ಕರ್ನಾಟಕದಲ್ಲಿ ಹೀಗಾಗಬಹುದೇ?

ಡಾಲರ್ ಸಂಗ್ರಹ ಇಡುವುದು ದೇಶ, ರಾಜ್ಯವಲ್ಲ. ಒಂದು ರಾಜ್ಯ ಎಷ್ಟು ಸಾಲ ಮಾಡಿದರೂ ಹೀಗೆ ಡಾಲರ್ ಮುಗಿಯುವ ಬಿಕ್ಕಟ್ಟು ಅದಕ್ಕೆ ಮಾತ್ರ ಬರುವುದಿಲ್ಲ. ದೇಶಕ್ಕೆ 1991ರಲ್ಲಿ ಹತ್ತಿರ ಬಂದಿತ್ತು: ಎರಡು ಮೂರು ವಾರದ ಆಮದಿಗಷ್ಟೇ ಡಾಲರ್ ಉಳಿದು, ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ಆಗಲೂ ಅನ್ನಕ್ಕೆ ಹೊರದೇಶದ ಕಡೆ ನೋಡಬೇಕಿರಲಿಲ್ಲ ಎಂಬುದು ದೊಡ್ಡ ವ್ಯತ್ಯಾಸ. 2022ರಲ್ಲಿ ಭಾರತ ಶ್ರೀಲಂಕಾಕ್ಕೆ ಸುಮಾರು 400 ಕೋಟಿ ಡಾಲರಿನಷ್ಟು ನೆರವು ಕೊಟ್ಟಿತು. ಇಂಧನ, ಔಷಧಿ, ಗೊಬ್ಬರದ ಹಡಗುಗಳಲ್ಲಿ ಹಲವು ಆ ಸಾಲದಿಂದಲೇ ಹೋದವು.

ಇಂಥದ್ದು ಬರುತ್ತಿದೆ ಎಂದು ಮೊದಲೇ ತಿಳಿಯುವುದು ಹೇಗೆ?

ಯಾವ ದೇಶದ ಬಗ್ಗೆಯಾದರೂ ನಾವು ಮೊದಲು ನೋಡುವುದು ಬ್ಯಾಂಕಿನ ಡಾಲರ್ ದರಕ್ಕೂ ಬೀದಿಯ ದರಕ್ಕೂ ಇರುವ ಅಂತರ. ಶೇ 10 ಮೀರಿದರೆ ಹಣ ದಾರಿ ಬದಲಿಸಲು ಶುರುಮಾಡುತ್ತದೆ. ಎರಡನೆಯದು, ಸಂಗ್ರಹದ ಡಾಲರ್ ಎಷ್ಟು ತಿಂಗಳ ಆಮದಿಗೆ ಸಾಕು ಎಂಬುದು; ಮೂರು ತಿಂಗಳಿಗಿಂತ ಕೆಳಗೆ ಇಳಿದರೆ ಎಚ್ಚರ. ಆ ಮೊತ್ತದಲ್ಲಿ ಕೆಲವೊಮ್ಮೆ ಬಳಸಲು ಬಾರದ ಸಾಲದ ಹಣವನ್ನೂ ಸೇರಿಸಿರುತ್ತಾರೆ, ಅದನ್ನು ಕಳೆದು ನೋಡಬೇಕು. ಮೂರನೆಯದಕ್ಕೆ ಅಂಕಿಅಂಶ ಬೇಡ, ಕಿರಾಣಿ ಅಂಗಡಿ ಸಾಕು. ಆಮದು ಸಾಮಾನುಗಳಲ್ಲಿ ಬೇಗ ಖರ್ಚಾಗುವಂಥದ್ದು ಮೊದಲು ಮಾಯವಾಗುತ್ತದೆ. ಕೊಲಂಬೊದಲ್ಲಿ ಹಾಲಿನ ಪುಡಿಯ ಕಪಾಟು ಖಾಲಿಯಾದದ್ದು, "ಒಬ್ಬರಿಗೆ ಒಂದೇ ಪೊಟ್ಟಣ" ಎಂದು ಅಂಗಡಿಯವರು ಹೇಳತೊಡಗಿದ್ದು 2021ರಲ್ಲಿ, ಸಾಲ ಕಟ್ಟಲಾಗದು ಎಂದು ಸರ್ಕಾರ ಒಪ್ಪಿಕೊಳ್ಳುವುದಕ್ಕೆ ಎಷ್ಟೋ ತಿಂಗಳು ಮುಂಚೆ.